ನಾರು ಬಿಡುವವರೆಗೆ

ಹೊಳೆಯಿಂದ ಮೇಲೆ ಬರುವ ಏರಿನಲ್ಲಿ ಲೆಂಬಾ ಎರಡನೆಯ ಸಲ ಕುಳಿತಾಗ ಮಯಾಂಬ ತಲೆಯ ಮೇಲಿನ ಬುಟ್ಟಿಯನ್ನು ಇಳಿಸಲಿಲ್ಲ. ಇಳಿಸಿದರೆ ಮತ್ತೆ ಎತ್ತಿಕೊಡಲು ಯಾರಾದರೂ ಬೇಕು. ನಿಂತಲ್ಲೇ ಕತ್ತು ಅಲುಗಿಸದೆ, ಕಣ್ಣು ಮಾತ್ರ ಕೆಳಗಿಳಿಸಿ ಮಗಳನ್ನು ನೋಡಿದಳು. ಏಳು ವರ್ಷದ ಹುಡುಗಿ ಮರಳಿನ ಮೇಲೆ ಕಾಲು ಚಾಚಿ ಎರಡೂ ಕೈಯಿಂದ ತೊಡೆಯನ್ನು ಅದುಮಿ ಹಿಡಿದಿದ್ದಳು.

"ಏನೇ ಅದು?"

"ಕುಣೀತಿದೆ ಅಮ್ಮ. ನಾನು ಕುಣಿಸ್ತಿಲ್ಲ, ಅದೇ ಕುಣೀತಿದೆ."

ಸ್ವಲ್ಪ ಹೊತ್ತಿನ ಮೇಲೆ ಅದು ನಿಂತಿತು. ಹುಡುಗಿ ಎದ್ದು ಲಂಗ ಕೊಡವಿಕೊಂಡು ಮುಂದೆ ಹೋದಳು. ಮಯಾಂಬ ಹಿಂದಿನಿಂದ ಅವಳ ಹಿಮ್ಮಡಿಯನ್ನೇ ನೋಡುತ್ತ ಹತ್ತಿದಳು. ಹಿಮ್ಮಡಿ ನೆಲಕ್ಕೆ ಊರುತ್ತಿದೆಯೋ ಇಲ್ಲವೋ ಎಂಬುದೊಂದೇ ಅವಳಿಗೆ ಬೇಕಾಗಿದ್ದುದು.

ಪಕ್ಕದ ಮನೆಯ ಮಬೇಲಳ ಮಗ ಕಿಯಾಲನ ಹಿಮ್ಮಡಿ ಈಗ ನೆಲ ಮುಟ್ಟುವುದಿಲ್ಲ. ಹಿಂದಿನ ವರ್ಷ ಸಂಜೆಯವರೆಗೆ ಚೆಂಡಾಡಿ ಉಂಡು ಮಲಗಿದ ಹುಡುಗ ಬೆಳಿಗ್ಗೆ ಎದ್ದು ನಿಲ್ಲಲು ಹೋಗಿ ಬಿದ್ದಿದ್ದ. ಜ್ವರವಿಲ್ಲ, ನೋವಿಲ್ಲ, ಕಾಲೆರಡೂ ಕೊರಡಿನ ಹಾಗೆ ಬಿಗಿದುಹೋಗಿದ್ದವು. ಈಗ ಕೋಲು ಹಿಡಿದು ಮೊಣಕಾಲಿಗೆ ಮೊಣಕಾಲು ಉಜ್ಜುತ್ತ ತುದಿಗಾಲಲ್ಲಿ ನಡೆಯುತ್ತಾನೆ. ದವಾಖಾನೆಯಲ್ಲಿ ಪೋಲಿಯೋ ಅಲ್ಲ ಎಂದರು, ಮತ್ತೇನು ಎಂದು ಹೇಳಲಿಲ್ಲ. ಊರಿನವರು ಅದನ್ನು ಕೊಂಜೊ ಎನ್ನುತ್ತಾರೆ. ಜಿಂಕೆಯ ಕಾಲು ಕಟ್ಟಿಹೋಗಲಿ ಎಂದು ಬೇಟೆಗಾರರು ದಾರಿಯಲ್ಲಿ ಹೂಳುತ್ತಿದ್ದ ಮದ್ದಿನ ಹೆಸರು ಅದು. ಹಾಗಾಗಿ ಆಗದವರು ಯಾರೋ ಹೂತಿದ್ದಾರೆ ಎಂದು ಮಾತಾಯಿತು. ಮೇಲಿನ ಕೇರಿಯಲ್ಲಿ ಇಬ್ಬರು ಹೆಂಗಸರಿಗೆ, ಆಮೇಲೆ ಇನ್ನೊಂದು ಹುಡುಗಿಗೆ ಹಾಗೆಯೇ ಆದಾಗ ಮಾತು ಇನ್ನೂ ದಪ್ಪವಾಯಿತು. ಆಗದವರು ಇಷ್ಟೊಂದು ಜನ ಇದ್ದಾರೆಯೇ ಎಂದು ಯಾರೂ ಕೇಳಲಿಲ್ಲ.

ಮಗಳ ತೊಡೆ ಕುಣಿದ ಸಂಗತಿಯನ್ನು ಮಯಾಂಬ ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂದು ಅವಳ ಭಯ. ಚಿಕ್ಕಂದಿನಿಂದಲೂ ಅವಳು ಹಾಗೆಯೇ. ಮಾತನ್ನು ಬಾಯಿಯವರೆಗೆ ತಂದು ನುಂಗುವವಳು.

ಆ ಊರಿನ ಮರಳು ನೆಲ ಬೇರೆ ಏನು ಹಾಕಿದರೂ ಮುನಿಸಿಕೊಳ್ಳುತ್ತದೆ, ಕಹಿ ಮರಗೆಣಸೊಂದನ್ನು ಬಿಟ್ಟು. ಅದನ್ನು ಹಂದಿಯೂ ಮುಟ್ಟುವುದಿಲ್ಲ. ಹಸಿಯಾಗಿ ತಿಂದರೆ ಸಾವು ಎಂಬುದು ಮೊಲೆ ಬಿಟ್ಟ ಮಗುವಿಗೂ ಗೊತ್ತು. ಅದಕ್ಕೇ ಹೆಂಗಸರು ಗೆಡ್ಡೆಯನ್ನು ಹೊಳೆಯಂಚಿನ ಗುಂಡಿಗಳಲ್ಲಿ ನೆನೆಹಾಕುತ್ತಾರೆ. ವಿಷವನ್ನು ನೀರು ತೆಗೆದುಕೊಳ್ಳುತ್ತದೆ. ನೆನೆದದ್ದನ್ನು ಒಣಗಿಸಿ ಕುಟ್ಟಿ ಹಿಟ್ಟು ಮಾಡಿ, ಕುದಿಯುವ ನೀರಿಗೆ ಹಾಕಿ ಮುದ್ದೆ ಕಟ್ಟಿದರೆ ಅದೇ ಲೂಕು, ಎರಡು ಹೊತ್ತಿನ ಊಟ. ಗೆಡ್ಡೆ ಎಷ್ಟು ದಿನ ನೀರಿನಲ್ಲಿರಬೇಕು ಎಂದು ಹಿಂದೆ ಯಾರೂ ಎಣಿಸುತ್ತಿರಲಿಲ್ಲ. ಬಿಸಿಲಿದ್ದರೆ ಬೇಗ, ಮೋಡವಿದ್ದರೆ ತಡ. ಗೆಡ್ಡೆಯನ್ನು ಮುರಿದು ಅದರ ನಡುವಿನ ನಾರನ್ನು ಎರಡು ಬೆರಳಲ್ಲಿ ಹಿಡಿದರೆ ಅದು ತಾನಾಗಿ ಜಾರಿ ಬರಬೇಕು. ಬಂದರೆ ಆಯಿತು, ಬಾರದಿದ್ದರೆ ಮತ್ತೆ ನೀರಿಗೆ.

ಮಯಾಂಬ ಮದುವೆಯಾಗಿ ಈ ಊರಿಗೆ ಬಂದ ವರ್ಷ ಮುರಿದುಬಿದ್ದಿದ್ದ ಸೇತುವೆ ದುರಸ್ತಿಯಾಗಿ ರಾಜಧಾನಿ ಕಿನ್ಶಾಸಾದ ಲಾರಿ ಬರತೊಡಗಿತು. ಒಣಗಿದ ಮರಗೆಣಸನ್ನು ಮೂಟೆ ಲೆಕ್ಕದಲ್ಲಿ ಕೊಳ್ಳುತ್ತಿದ್ದರು. ಒಮ್ಮೆ ಲಾರಿ ಹೇಳಿದ್ದಕ್ಕಿಂತ ಮೊದಲೇ ಬರುತ್ತದೆಂದು ಸುದ್ದಿ ಬಂದಾಗ ಅವಳ ಅತ್ತೆ ಕಫುತಿ ಗೆಡ್ಡೆಯನ್ನು ಅದುಮಿ ನೋಡಿ, ಒಂದ್ಸಲ ನಡೆಯುತ್ತೆ ಬಿಡು, ಕುಟ್ಟುವಾಗ ನಾಲ್ಕು ಪೆಟ್ಟು ಜಾಸ್ತಿ ಹಾಕಿದರಾಯಿತು ಎಂದಳು. ಎತ್ತಿದರು, ಒಣಗಿಸಿದರು, ಮಾರಿದರು. ಉಳಿದದ್ದನ್ನು ತಿಂದರು. ಯಾರಿಗೂ ಏನೂ ಆಗಲಿಲ್ಲ. ಲಾರಿಯವನು ಈ ಸಲದ್ದು ಬೆಳ್ಳಗಿದೆ, ನಾತವೂ ಕಡಿಮೆ ಎಂದು ಹೊಗಳಿದ. ಮುಂದಿನ ಸಲ ಲಾರಿ ಸರಿಯಾದ ಹೊತ್ತಿಗೇ ಬಂದರೂ ಗೆಡ್ಡೆಯನ್ನು ಹಾಗೆಯೇ ಎತ್ತಿದರು. ಅದರ ಮುಂದಿನ ವರ್ಷ ಇನ್ನೂ ಸ್ವಲ್ಪ ಮೊದಲು. ಒಂದೇ ಗುಂಡಿಯಲ್ಲಿ ಎರಡು ಸಲ ನೆನೆಹಾಕುವಷ್ಟು ದಿನ ಮಿಕ್ಕಿತು. ಮನೆಗೆ ತಗಡಿನ ಚಾವಣಿ ಬಂತು, ಲೆಂಬಾ ಶಾಲೆಗೆ ಸೇರಿದಳು. ಅಲಸಂದೆಯನ್ನೂ ಲಾರಿಯವರು ಕೇಳಿದರು. ಒಳ್ಳೆಯ ಬೆಲೆ ಇರುವಾಗ ಅದನ್ನು ಮನೆಯಲ್ಲಿ ಬೇಯಿಸುವುದು ದಂಡ ಅನ್ನಿಸಿತು. ತಟ್ಟೆಯಲ್ಲಿ ಲೂಕು, ಸೊಪ್ಪು ಇಷ್ಟೇ ಉಳಿಯಿತು. ಅದೂ ಹೊಟ್ಟೆ ತುಂಬುತ್ತಿತ್ತು.

ಉಂಡ ಮೇಲೆ ಒಮ್ಮೊಮ್ಮೆ ತಲೆ ತಿರುಗುವುದು, ವಾಕರಿಕೆ ಬರುವುದು ಇತ್ತು. ಅದಕ್ಕೆ ಊರಿನಲ್ಲಿ ತಮಾಷೆಯೇ ಹುಟ್ಟಿಕೊಂಡಿತ್ತು. ಗಂಡ ಲುಕೋಕಿ ಗೋಡೆ ಹಿಡಿದು ಎದ್ದರೆ ಮಯಾಂಬ, ಇವತ್ತು ಲೂಕು ಜಾಸ್ತಿ ಕುಡಿದಿರಿ ಎಂದು ನಗುತ್ತಿದ್ದಳು. ಅವನೂ ನಗುತ್ತಿದ್ದ.

ಇದೆಲ್ಲ ಒಂದರ ಪಕ್ಕ ಒಂದು ಬಂದು ಕೂತದ್ದು ಮಯಾಂಬಳಿಗೆ ಕಾಣಿಸಿರಲಿಲ್ಲ. ಕಾಣಿಸಿದ್ದು ತವರಿನಲ್ಲಿ.

ದೊಡ್ಡಮ್ಮ ತೀರಿಹೋದಳೆಂದು ಸುದ್ದಿ ಬಂದು ಅವಳು ಲೆಂಬಾಳನ್ನು ಕರೆದುಕೊಂಡು ದೋಣಿಯಲ್ಲಿ ನದಿ ದಾಟಿ ಹೋದಳು. ಆ ದಡಕ್ಕೆ ರಸ್ತೆ ಇಲ್ಲ. ಮಣ್ಣು ಮಾಡಿದ ಮೇಲೂ ನೆಂಟರು ಕೆಲವು ದಿನ ಇರಲೇಬೇಕು. ಅಷ್ಟು ಜನಕ್ಕೆ ಊಟವಾಗಬೇಕಲ್ಲ, ಎರಡನೆಯ ಬೆಳಿಗ್ಗೆ ಸೋದರತ್ತೆ ಮುಕೇಡಿಯ ಜೊತೆ ಹೆಂಗಸರು ಗೆಡ್ಡೆ ಎತ್ತಲು ಹೊಳೆಗೆ ಹೊರಟರು. ಮಯಾಂಬ ಅಭ್ಯಾಸದಂತೆ ಸೊಂಟಕ್ಕೆ ಚಾಕು ಸಿಕ್ಕಿಸಿಕೊಂಡಳು. ಹೊಳೆಯಲ್ಲಿ ಅದನ್ನು ತೆಗೆದು ಕಲ್ಲಿನ ಮೇಲೆ ಇಟ್ಟಾಗ ಮುಕೇಡಿ ಒಮ್ಮೆ ಚಾಕುವನ್ನೂ ಒಮ್ಮೆ ಅವಳನ್ನೂ ನೋಡಿದಳು.

"ಇದ್ಯಾಕೆ ತಂದೆಯೇ? ಮೀನು ಹಿಡಿದುಕೊಡ್ತೀಯಾ ನಮಗೆ?"

"ನಾರು ತೆಗೆಯೋಕೆ ಅತ್ತೆ."

ಸುತ್ತ ಇದ್ದವರೆಲ್ಲ ನಕ್ಕರು. ದುಃಖದ ಮನೆಯವರು ನಗುವುದಕ್ಕೆ ಕಾರಣ ಹುಡುಕುತ್ತಲೇ ಇರುತ್ತಾರೆ. ಚಾವಣಿಗೆ ತಗಡು ಬಂದ ಮೇಲೆ ಬೆರಳು ನಾಜೂಕಾಗಿದೆ ಎಂದು ಒಬ್ಬಳು, ಆ ದಡದಲ್ಲಿ ಸೊಪ್ಪನ್ನೂ ಕೊಡಲಿಯಲ್ಲಿ ಕಡಿಯುತ್ತಾರಂತೆ ಎಂದು ಇನ್ನೊಬ್ಬಳು. ಮಯಾಂಬಳ ಮುಖ ಬಿಸಿಯಾಯಿತು. ಚಾಕುವನ್ನು ಸೀರೆಯಂತೆ ಸುತ್ತಿದ್ದ ಬಟ್ಟೆಯ ಮಡಿಕೆಯೊಳಗೆ ತುರುಕಿ, ತಲೆ ತಗ್ಗಿಸಿ ಗುಂಡಿಗೆ ಕೈ ಹಾಕಿದಳು.

ಕೈಗೆ ಸಿಕ್ಕ ಗೆಡ್ಡೆ ನೆನೆದ ರೊಟ್ಟಿಯಷ್ಟು ಮೆತ್ತಗಿತ್ತು. ಮುರಿಯಬೇಕೆಂದು ಹಿಡಿಯುವಷ್ಟರಲ್ಲಿ ತೆರೆದುಕೊಂಡಿತು. ನಡುವಿನ ನಾರನ್ನು ಎರಡು ಬೆರಳಲ್ಲಿ ಹಿಡಿದಳು, ಅದು ಒದ್ದೆ ದಾರದಂತೆ ಜಾರಿ ಬಂತು. ನಾತ ಮೂಗಿಗೆ ಹೊಡೆದು ಅವಳು ಮುಖ ತಿರುಗಿಸಿದಳು. ತಿರುಗಿಸಿದ ಮೇಲೆ ನೆನಪಾಯಿತು, ಇದೇ ನಾತದಲ್ಲಿ ತಾನು ಬೆಳೆದದ್ದು. ಹೊಳೆಯಿಂದ ಬಂದ ಅಮ್ಮನ ಕೈಯೆಲ್ಲ ಹೀಗೇ ನಾರುತ್ತಿತ್ತು. ಅಮ್ಮ ಹೊಳೆಗೆ ಚಾಕು ಒಯ್ದದ್ದನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ. ಅತ್ತೆಯ ಮನೆಗೆ ಬಂದ ಹೊಸದರಲ್ಲಿ ತಾನೂ ಒಯ್ದಿರಲಿಲ್ಲ. ಹಾಗಾದರೆ ಯಾವಾಗ? ಅವಳು ನೀರಿನಲ್ಲಿ ನಿಂತೇ ಯೋಚಿಸಿದಳು. ಮೊದಲು ಉಗುರಿನಿಂದ ಕೀಳುತ್ತಿದ್ದದ್ದು ನೆನಪಿತ್ತು. ಆಮೇಲೆ ಉಗುರು ನೋಯುತ್ತದೆಂದು ಬಿದಿರಿನ ಚಕ್ಕೆ. ಚಾಕು ಬಂದ ದಿನ ನೆನಪಾಗಲಿಲ್ಲ.

ತವರಿನಲ್ಲಿದ್ದಷ್ಟು ದಿನ ಲೂಕಿನ ಜೊತೆ ಅಲಸಂದೆ ಇತ್ತು, ಕಾಡಿನಲ್ಲಿ ಆರಿಸಿ ಒಣಗಿಸಿದ ಹುಳುವಿನ ಸಾರು ಇತ್ತು. ಲೆಂಬಾ ಮೊದಲ ಎರಡು ದಿನ ಮೂಗು ಮುಚ್ಚಿಕೊಂಡು ಉಂಡಳು. ಆಮೇಲೆ ಮಕ್ಕಳ ಜೊತೆ ಸೇರಿ ದಡದ ಏರನ್ನು ಎಷ್ಟೋ ಸಲ ಹತ್ತಿ ಇಳಿದಳು. ಮಯಾಂಬ ದೂರದಿಂದ ನೋಡುತ್ತಿದ್ದಳು. ಹುಡುಗಿ ಕೂರಲಿಲ್ಲ. ಊಟವಾದ ಮೇಲೆ ತನ್ನ ತಲೆಯೂ ತಿರುಗುತ್ತಿಲ್ಲ ಎಂಬುದು ಅವಳಿಗೆ ನಿಧಾನವಾಗಿ ಹೊಳೆಯಿತು. ಹೊರಡುವಾಗ ಮುಕೇಡಿ ಒಂದು ಗಂಟು ಹಿಟ್ಟು ಕಟ್ಟಿಕೊಟ್ಟಳು, ಚಾಕುವಿನ ವಿಷಯ ಎತ್ತಿ ಮತ್ತೊಮ್ಮೆ ನಕ್ಕಳು.

ದೋಣಿಯಲ್ಲಿ ಮಯಾಂಬ ಅತ್ತೆ ಕಫುತಿಗೆ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಳು. ಮನೆಗೆ ಬಂದ ಮೇಲೆ ಜೋಡಣೆ ಬಿಚ್ಚಿಹೋಯಿತು. ಲೆಂಬಾಗೆ ಮಾತ್ರ ಗಂಟಿನ ಹಿಟ್ಟಿನಿಂದ ಬೇರೆ ಮುದ್ದೆ ಕಟ್ಟಿದಳು. ತವರಿನ ಹಿಟ್ಟು, ಆಸೆಪಡುತ್ತಾಳೆ ಎಂದಳು. ಗಂಟು ದಿನದಿನಕ್ಕೂ ಸಣ್ಣದಾಯಿತು. ತಳ ಕಂಡ ಸಂಜೆ, ನಾಳೆಯಿಂದ ಮಗಳ ತಟ್ಟೆಗೆ ಮನೆಯ ಹಿಟ್ಟನ್ನೇ ಹಾಕಬೇಕು ಎಂದಾದಾಗ, ಅವಳಿಗೆ ಬಾಯಿ ಬಂತು.

"ಅತ್ತೆ, ನಾವು ಗೆಡ್ಡೆ ಬೇಗ ಎತ್ತುತ್ತಿದೀವಿ."

ಕಫುತಿ ಒರಳಿನ ಪಕ್ಕ ಕೂತು ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಹೊಳೆಯ ಏರು ಹತ್ತಲಾರೆನೆಂದು ಕೆಲವು ವರ್ಷಗಳಿಂದ ಒಣಗಿಸುವುದು, ಕುಟ್ಟಿಸುವುದು ಮಾತ್ರ ಅವಳ ಪಾಲು.

"ಯಾರಂದ್ರು?"

"ನಾರು ಬರ್ತಿಲ್ಲ."

"ಚಾಕು ಇದೆಯಲ್ಲ."

ಮಯಾಂಬ ಎಲ್ಲವನ್ನೂ ಹೇಳಿದಳು, ಹಿಂದು ಮುಂದಾಗಿ. ಲೆಂಬಾಳ ತೊಡೆ, ತವರಿನ ಗೆಡ್ಡೆ, ತಲೆ ತಿರುಗದ್ದು, ಕಿಯಾಲ. ಕಫುತಿ ಜರಡಿ ನಿಲ್ಲಿಸಲಿಲ್ಲ. ಇದೇ ಹಿಟ್ಟನ್ನು ತಾನೂ ಇಷ್ಟು ವರ್ಷ ತಿಂದಿದ್ದೇನೆ, ತನ್ನ ಕಾಲಿಗೆ ಏನಾಗಿದೆ ಎಂದು ಕೇಳಿದಳು. ಅದು ನಿಜವೇ. ಊರಿನಲ್ಲಿ ಮುದುಕಿಯರಿಗೆ ಯಾರಿಗೂ ಆಗಿರಲಿಲ್ಲ.

"ನಮ್ಮ ತವರಲ್ಲಿ ಹೀಗೆ ಮಾಡಲ್ಲ ಅತ್ತೆ" ಎಂದಷ್ಟೇ ಅಂದಳು ಮಯಾಂಬ.

"ನಿಮ್ಮ ತವರಿಗೆ ಲಾರಿ ಹೋಗಲ್ಲ. ಹೋಗಲಿ, ಆಮೇಲೆ ನೋಡೋಣ ಅವರ ನೇಮಾನ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಲುಕೋಕಿ ಜಗಳವೆಂದರೆ ಹೆದರುವವನು. ಲಾರಿಯ ವ್ಯಾಪಾರಿ ಡಿಡೊಗೆ ಗುರುವಾರಕ್ಕೆ ಮೂಟೆ ಕೊಡುತ್ತೇನೆಂದು ಮಾತು ಕೊಟ್ಟಿದ್ದವನೂ ಅವನೇ. ಇಬ್ಬರಿಗೂ ಒಪ್ಪಿಗೆಯಾಗುವ ಒಂದು ದಾರಿ ಹೇಳಿದ. ಮನೆಗೆ ಬೇಕಾದಷ್ಟನ್ನು ಒಂದು ಗುಂಡಿಯಲ್ಲಿ ಬೇರೆ ಇಟ್ಟು, ಎಷ್ಟು ದಿನ ಬೇಕೋ ಅಷ್ಟು ದಿನ ನೆನೆಸಿಕೊಳ್ಳಲಿ. ಮಾರುವುದನ್ನು ಈಗಿನ ಹಾಗೇ ಮಾರೋಣ. ಮಯಾಂಬಳಿಗೆ ಎದೆ ಹಗುರಾಯಿತು. ಇಷ್ಟೇ ತಾನೇ ತನಗೆ ಬೇಕಾದದ್ದು ಎಂದುಕೊಂಡಳು.

ಕಫುತಿ ಜರಡಿಯನ್ನು ಕೆಳಗಿಟ್ಟಳು.

"ಏನಂದೆ? ನಮ್ಮ ಮಗು ತಿನ್ನಬಾರದ್ದನ್ನ ಕಂಡೋರ ಮಗು ತಿನ್ನಬೇಕಾ?"

"ಹಾಗಲ್ಲಮ್ಮ."

"ಮತ್ತೆ ಹೇಗೆ? ಇವಳು ಹೇಳೋದು ಸುಳ್ಳಾದರೆ ಎಲ್ಲರೂ ತಿನ್ನೋಣ. ನಿಜ ಆದರೆ ಯಾರಿಗೂ ಬೇಡ. ಒಂದು ಮನೇಲಿ ಎರಡು ಹಿಟ್ಟು ಇಡೋಕೆ ನಾನು ಬಿಡಲ್ಲ. ನಾಳೆ ನಾನೇ ಹೊಳೆಗೆ ಬರ್ತೀನಿ."

ಮಯಾಂಬಳಿಗೆ ತನ್ನ ಹಗುರವೇ ನಾಚಿಕೆಯಾಯಿತು. ಅಂದು ರಾತ್ರಿ ಲೆಂಬಾಗೆ ಗಂಟಿನ ಕೊನೆಯ ಹಿಟ್ಟು, ತಳದ ಧೂಳನ್ನೂ ಕೊಡವಿ, ಕಟ್ಟಿಕೊಟ್ಟಳು.

ಬೆಳಿಗ್ಗೆ ಮುದುಕಿ ಕೋಲೂರಿಕೊಂಡು, ಬೈದುಕೊಳ್ಳುತ್ತ, ಇಳಿದಳು. ಹೊಳೆಯಲ್ಲಿ ಆಗಲೇ ಐದಾರು ಹೆಂಗಸರು ಗೆಡ್ಡೆ ಎತ್ತುತ್ತಿದ್ದರು. ಅವಳನ್ನು ಕಂಡು, ಸೊಸೆ ಕೆಲಸ ಕದೀತಾಳೆ ಅಂತ ಪಹರೆಗೆ ಬಂದೆಯಾ ಅಜ್ಜಿ ಎಂದು ಚುಡಾಯಿಸಿದರು. ಕಫುತಿ ತಮ್ಮ ಗುಂಡಿಯಿಂದ, ಅಂದು ಎತ್ತಬೇಕಾಗಿದ್ದ ಗೆಡ್ಡೆಯೊಂದನ್ನು ತೆಗೆದು ಮುರಿದಳು. ಸೌದೆ ಮುರಿದ ಸದ್ದಾಯಿತು. ನಾರು ಹಿಡಿದು ಎಳೆದಳು. ಬರಲಿಲ್ಲ. ಉಗುರು ಹಾಕಿ ಎಳೆದಳು, ತುಂಡಾಗಿ ಬಂತು. ಇನ್ನೊಂದು ಗೆಡ್ಡೆ ತೆಗೆದಳು. ಆಮೇಲೆ ಪಕ್ಕದವರ ಗುಂಡಿಯಿಂದ ಕೇಳದೆಯೇ ಒಂದು. ಹೆಂಗಸರ ಚುಡಾಯಿಸುವಿಕೆ ನಿಂತಿತು. ಕಲ್ಲುಗಳ ಮೇಲೆ ಸಾಲಾಗಿ ಇಟ್ಟಿದ್ದ ಚಾಕುಗಳ ಮೇಲೆ ಮುದುಕಿಯ ಕಣ್ಣು ಹೋಯಿತು.

"ಯಾವಾಗಿಂದ ತರ್ತೀರಿ ಇದನ್ನ?"

ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ನಿನ್ನನ್ನು ನೋಡಿ ನಾನು ಎಂದು ಒಬ್ಬಳು, ನಾನು ಬರುವ ಮೊದಲೇ ಇತ್ತು ಎಂದು ಹೊಸ ಸೊಸೆಯೊಬ್ಬಳು. ಒಬ್ಬರ ಮಾತು ಇನ್ನೊಬ್ಬರ ಮೇಲೆ ಬಿತ್ತು.

"ಒಂದ್ಸಲ ನಡೆಯುತ್ತೆ ಅಂದವಳು ನಾನೇ" ಎಂದಳು ಕಫುತಿ. ಅವಳ ದನಿಯಲ್ಲಿ ಅಳುವಿರಲಿಲ್ಲ. ಯಾವುದೋ ಸಾಮಾನು ಎಲ್ಲಿಟ್ಟೆನೆಂದು ನೆನಪು ಮಾಡಿಕೊಳ್ಳುವವಳಂತೆ ಹೇಳಿದಳು. "ಇನ್ನೊಂದ್ಸಲ ಅಂತ ಯಾರೂ ನನ್ನ ಕೇಳಲೇ ಇಲ್ಲ. ನಾನೂ ಕೇಳಲಿಲ್ಲ."

ಮುರಿದ ಗೆಡ್ಡೆಗಳನ್ನು ನೀರಿಗೆ ಬಿಟ್ಟು ಕೈ ತೊಳೆದುಕೊಂಡಳು. ಇದನ್ನು ಗುರುವಾರಕ್ಕೆ ಎತ್ತುವುದಿಲ್ಲ ಎಂದು ಮಯಾಂಬಳಿಗೆ ಹೇಳಿದಳು, ಎಲ್ಲರಿಗೂ ಕೇಳುವಷ್ಟು ಜೋರಾಗಿ. ಇಬ್ಬರು ಹೆಂಗಸರು ತಮ್ಮ ಬುಟ್ಟಿಯನ್ನು ಮತ್ತೆ ಗುಂಡಿಗೆ ಸುರಿದರು. ಉಳಿದವರು ಸುರಿಯಲಿಲ್ಲ. ಲಾರಿ ಬರುವುದು ಅವರಿಗೂ ಗೊತ್ತಿತ್ತು.

ಮನೆಗೆ ಬಂದರೆ ತಿನ್ನುವುದೇನು ಎಂಬ ಪ್ರಶ್ನೆ ಎದುರಿಗೇ ಕೂತಿತ್ತು. ಡಬ್ಬದಲ್ಲಿದ್ದ ಹಿಟ್ಟೆಲ್ಲ ಅದೇ ಹಿಟ್ಟು, ನೆರೆಯವರಲ್ಲಿ ಕಡ ತಂದರೂ ಅದೇ. ಅಲಸಂದೆ ಲಾರಿ ಹತ್ತಿ ಹೋಗಿಯಾಗಿತ್ತು. ಉಳಿದಿದ್ದು ಚಾವಣಿಯ ತೊಲೆಗೆ ಕಟ್ಟಿದ್ದ ಬಿತ್ತನೆಯ ಕಡಲೆಕಾಯಿಯ ಮಡಕೆ ಒಂದೇ. ಮಳೆ ಬರುವವರೆಗೆ ಅದನ್ನು ಮುಟ್ಟುವಂತಿಲ್ಲ. ಚಿಕ್ಕಂದಿನಲ್ಲಿ ಒಂದು ಮುಷ್ಟಿ ಕದ್ದು ತಿಂದದ್ದಕ್ಕೆ ಲುಕೋಕಿ ಅಮ್ಮನಿಂದ ಬರೆ ಬೀಳುವಂತೆ ಪೆಟ್ಟು ತಿಂದಿದ್ದನಂತೆ. ಈಗ ಕಫುತಿ ಮಗನನ್ನೇ ಕರೆದು ಮಡಕೆ ಇಳಿಸಲು ಹೇಳಿದಳು. ಅವನು ಇಳಿಸಿ ನೆಲದ ಮೇಲಿಟ್ಟು ಅಮ್ಮನ ಮುಖ ನೋಡಿದ.

"ಬಿತ್ತೋಕೆ ಏನು ಮಾಡೋದಮ್ಮ?"

"ಮೊದಲು ಲೆಂಬಾ ನಡೀಲಿ."

ಗುರುವಾರ ಲಾರಿ ಬಂತು. ಲುಕೋಕಿ ಬರಿಗೈಯಲ್ಲಿ ಹೋಗಿ ನಿಂತ. ಡಿಡೊ ಮೊದಲು ತಮಾಷೆ ಎಂದುಕೊಂಡ. ಆಮೇಲೆ, ಏನಪ್ಪ, ಗೆಡ್ಡೆಗೆ ಸ್ನಾನ ಇನ್ನೂ ಮುಗಿದಿಲ್ಲವಾ ಎಂದು ಎಲ್ಲರೆದುರು ನಗಾಡಿದ. ಮುಂದಿನ ಸಲ ಈ ಮನೆಯ ಮುಂದೆ ನಿಲ್ಲಿಸುವುದು ಅನುಮಾನ ಎಂದೂ ಹೇಳಿದ. ಬೇರೆ ಮನೆಗಳ ಮೂಟೆ ಹೇರಿಕೊಂಡು ಲಾರಿ ಹೋಯಿತು. ಲುಕೋಕಿ ಮನೆಗೆ ಬಂದು ತಗಡಿನ ಕೆಳಗೆ ಮಲಗಿದ. ಮಯಾಂಬ ಹತ್ತಿರ ಹೋಗಲಿಲ್ಲ.

ಅವಳ ತಲೆಯಲ್ಲಿ ಇನ್ನೊಂದು ಮಾತು ಕೂತಿತ್ತು. ಊರಿನಲ್ಲಿ ಅರ್ಧ ಜನ ನಂಬಿದ್ದರು, ಅರ್ಧ ಜನ ಮುದುಕಿಗೆ ಅರಳುಮರಳು ಎಂದಿದ್ದರು. ಆದರೆ ಎಲ್ಲರಿಗಿಂತ ಮೊದಲು ಹೇಳಬೇಕಾಗಿದ್ದ ಮಬೇಲಳಿಗೆ ಅವಳು ಹೇಳಿರಲಿಲ್ಲ. ಮಗನನ್ನು ಬಿಟ್ಟು ಮಬೇಲ ಹೊಳೆಗೆ ಹೆಚ್ಚು ಬರುವುದಿಲ್ಲ. ಅವಳ ಮುಂದೆ ಹೋಗಿ, ನೀನು ಕೈಯಾರೆ ಕಟ್ಟಿ ಕೊಟ್ಟ ಮುದ್ದೆಯಿಂದಲೇ ಎಂದು ಹೇಳುವುದು ಹೇಗೆ? ಎರಡು ಸಲ ಬೇಲಿಯವರೆಗೆ ಹೋಗಿ ವಾಪಸು ಬಂದಿದ್ದಳು.

ಲಾರಿ ಹೋದ ಸಂಜೆ ಮಬೇಲ ತಾನೇ ಬಂದಳು. ಕಫುತಿ ಒಲೆಯ ಮುಂದೆ ಕಡಲೆಕಾಯಿ ಹುರಿಯುತ್ತಿದ್ದಳು. ಲೆಂಬಾ ಮಯಾಂಬಳ ಮಡಿಲಲ್ಲಿ ಕಾಲು ಹಾಕಿ ಕೂತಿದ್ದಳು. ಆಟವಾಡಿ ದಣಿದ ದಿನ ಅವಳ ತೊಡೆ ಇನ್ನೂ ಒಮ್ಮೊಮ್ಮೆ ಅದುರುತ್ತಿತ್ತು. ಈಗಲೂ ಮಯಾಂಬಳ ಅಂಗೈ ಅದರ ಮೇಲೇ ಇತ್ತು. ಮಬೇಲ ಕೂರಲಿಲ್ಲ.

"ಊರೆಲ್ಲ ಆಡ್ತಿದೆ. ನೀನು ನಂಗೆ ಹೇಳಲಿಲ್ಲ."

"ಹೇಗೆ ಹೇಳಲಿ ಅಂತ ಗೊತ್ತಾಗಲಿಲ್ಲ ಅಕ್ಕ."

ಮಬೇಲ ಕಫುತಿಯ ಕಡೆ ತಿರುಗಿ, "ಮದ್ದು ಹೂತಿದೀಯ ಅಂತ ನಿನ್ನ ಮೇಲೂ ಅನುಮಾನ ಇತ್ತು ನಂಗೆ, ಅಜ್ಜಿ" ಎಂದಳು.

"ಗೊತ್ತಿತ್ತು" ಎಂದಳು ಕಫುತಿ, ಕಡಲೆಕಾಯಿ ತಿರುವುತ್ತ.

"ಅವನ ಕಾಲು ಸರಿಹೋಗುತ್ತಾ?"

ಇದನ್ನು ಮಬೇಲ ಯಾರನ್ನು ಕೇಳಿದಳೋ ತಿಳಿಯಲಿಲ್ಲ. ಮಯಾಂಬ ಗೊತ್ತಿಲ್ಲ ಎಂದಳು. ಬೇರೆ ಏನಾದರೂ ಹೇಳಬಹುದಿತ್ತು, ಆದರೆ ಗೊತ್ತಿದ್ದದ್ದು ಅಷ್ಟೇ.

ಮಬೇಲ ತಲೆಯಾಡಿಸಿದಳು. ಅವಳಿಗೆ ಒಬ್ಬಳು ಮಗಳೂ ಇದ್ದಾಳೆ, ಲೆಂಬಾಗಿಂತ ಚಿಕ್ಕವಳು. ನಿನ್ನೆಯಿಂದ ತಲೆನೋವು ಅನ್ನುತ್ತಿದ್ದಾಳೆ, ಉಂಡದ್ದು ಕಕ್ಕಿದಳು ಎಂದಳು. ಮಯಾಂಬ ತಟ್ಟನೆ ನೆಟ್ಟಗೆ ಕೂತು, ಇವತ್ತು ಅವಳಿಗೆ ಲೂಕು ಕೊಡಬೇಡ ಎಂದಳು. ಅಷ್ಟು ಜೋರಾಗಿ ಅವಳು ಮಾತಾಡಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

"ಮತ್ತೆ ಏನು ಕೊಡಲಿ? ಹಸಿದಿದಾಳೆ."

ಮಯಾಂಬ ಅತ್ತೆಯನ್ನು ನೋಡಿದಳು. ಮಡಕೆಯಲ್ಲಿ ಉಳಿದದ್ದು ಈ ಮನೆಗೇ, ಗುಂಡಿಯ ಗೆಡ್ಡೆ ನೆನೆದು ಒಣಗುವವರೆಗೆ, ಸಾಲುವುದು ಕಷ್ಟವಿತ್ತು. ಕಫುತಿ ಬಾಣಲೆ ಕೆಳಗಿಳಿಸಿ, ಸೆರಗು ಹಿಡಿ ಎಂದು ಮಬೇಲಳಿಗೆ ಸನ್ನೆ ಮಾಡಿದಳು. ಹುರಿದದ್ದರಲ್ಲಿ ಅರ್ಧ ಸುರಿದಳು. ಬಿಸಿಯಾಗಿದೆ, ಸುಟ್ಟುಕೊಂಡೀಯ ಎಂದಳು. ಕಿಯಾಲನನ್ನೂ ಚಿಕ್ಕವಳನ್ನೂ ನಾಳೆ ಬೆಳಿಗ್ಗೆ ಇಲ್ಲಿಗೇ ಕರೆದುಕೊಂಡು ಬಾ, ಮೂವರೂ ಒಂದೇ ತಟ್ಟೆಯಲ್ಲಿ ತಿನ್ನಲಿ, ಆಗ ಯಾರು ಎಷ್ಟು ತಿಂದರು ಅಂತ ನಂಗೆ ಕಾಣುತ್ತೆ ಎಂದೂ ಸೇರಿಸಿದಳು.

ಮಬೇಲ ಸೆರಗಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಬೇಲಿ ದಾಟಿದಳು. ಸ್ವಲ್ಪ ಹೊತ್ತಿನಲ್ಲಿ ಆ ಮನೆಯಿಂದ ಮಕ್ಕಳು ಸಿಪ್ಪೆ ಬಿಡಿಸುವ ಸದ್ದು ಕೇಳಿಸಿತು.